ಮೊದಲು ಬಂದದ್ದು ವಾರ್ದಾ, ಅಷ್ಟೇ

ನಮಸ್ಕಾರ. ಹೋದ ವಾರದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ಗೊದಾರ್, ತ್ರುಫೊ ದಾರಿ ಮಾಡಿದರು, ಆನ್ಯೆಸ್ ವಾರ್ದಾ ಅವರ ಹಿಂದೆ ಬಂದರು." ಮಾತು ಫ್ರೆಂಚ್ ಸಿನಿಮಾದ 'ಹೊಸ ಅಲೆ'ಯದು, ಅಂದರೆ ಸ್ಟುಡಿಯೋ ಬಿಟ್ಟು, ಕಮ್ಮಿ ದುಡ್ಡಲ್ಲಿ, ಬೀದಿಗಿಳಿದು ಸಿನಿಮಾ ಮಾಡಿದವರದು. ಈ ಮೂವರೂ ಅಲ್ಲಿನ ನಿರ್ದೇಶಕರು. ಆ ಕಾಮೆಂಟ್‌ಗೆ 80 ಲೈಕು ಬೇರೆ! ರಾತ್ರಿಯೆಲ್ಲ ನನಗೆ ಅದೇ ಯೋಚನೆ.

ಲೆಕ್ಕ ಹಾಕೋಣ ಬನ್ನಿ. ತ್ರುಫೊ ಅವರ 'ದಿ 400 ಬ್ಲೋಸ್' 1959. ಗೊದಾರ್ ಅವರ 'ಬ್ರೆತ್‌ಲೆಸ್' 1960. ವಾರ್ದಾ 'ಲಾ ಪ್ವಾಂತ್ ಕೂರ್ತ್' ಶೂಟಿಂಗ್ ಮಾಡಿದ್ದು 1954ರಲ್ಲಿ. ಈಗ ಹೇಳಿ, ಮೊದಲು ಬಂದದ್ದು ಯಾರು?

ಆಗ ಅವರಿಗೆ 26 ವರ್ಷ. ನಾಟಕದವರಿಗೆ ಫೋಟೋ ತೆಗೆಯುವುದು ಕೆಲಸ. ಸಿನಿಮಾ ನೋಡಿದ್ದೇ ಕಮ್ಮಿ. ಹುಡುಗಿಯಾಗಿದ್ದಾಗ ಇದ್ದ ಸೆತ್ ಎಂಬ ಬಂದರು ಊರಿಗೆ ಹೋದರು. ಅಲ್ಲಿನ ಮೀನುಗಾರರ ಕೇರಿಯಲ್ಲಿ, ಆ ಕೇರಿಯವರನ್ನೇ ಸೇರಿಸಿಕೊಂಡು ಸಿನಿಮಾ ಮಾಡಿದರು. ಸ್ಟುಡಿಯೋ ಇಲ್ಲ. ಕೈಯಲ್ಲಿ ದುಡ್ಡಿಲ್ಲ. ಜೊತೆಗಿದ್ದವರು ಸಂಬಳವಿಲ್ಲದೆ ದುಡಿದರು. ಹೊಸ ಅಲೆ ಅಂದರೆ ಇದೇ ಅಲ್ವಾ?

"ಅದನ್ನು ಆಗ ಹೆಚ್ಚು ಜನ ನೋಡಲಿಲ್ಲ" ಅಂತೀರಿ. ನಾಮಕರಣಕ್ಕೆ ಜನ ಬರಲಿಲ್ಲ ಅಂತ ಚೊಚ್ಚಲ ಮಗು ಎರಡನೆಯದು ಆಗುತ್ತಾ? "ಗಂಡ ಜಾಕ್ ದೆಮಿ ನಿರ್ದೇಶಕ, ಅವರಿಂದ ಕಲಿತರು" ಅಂತ ಇನ್ನೊಬ್ಬರು. ದೆಮಿ ಪರಿಚಯವಾದದ್ದೇ 1958ರಲ್ಲಿ ಸ್ವಾಮಿ!

ಚಾನೆಲ್‌ಗೆ ಹೊಸಬರಾದರೆ ಸಬ್‌ಸ್ಕ್ರೈಬ್ ಆಗಿ. ವಾರ್ದಾ ಬಗ್ಗೆ ಇನ್ನೂ ಮೂರು ವಿಡಿಯೋ ಮಾಡ್ತೀನಿ.

ಒಂದು ಮಾತು ಹೇಳಲೇಬೇಕು. 1970ರ ದಶಕ. ಮಗ ಇನ್ನೂ ಚಿಕ್ಕವನು, ಮನೆ ಬಿಟ್ಟು ದೂರ ಹೋಗುವ ಹಾಗಿಲ್ಲ. ವಾರ್ದಾ ಏನು ಮಾಡಿದರು? ಪ್ಯಾರಿಸ್ಸಿನ ದಾಗೇರ್ ಬೀದಿಯ ತಮ್ಮ ಮನೆಯಿಂದ 90 ಮೀಟರ್ ಕರೆಂಟ್ ವೈರ್ ಎಳೆದರು. ವೈರ್ ಎಲ್ಲಿಯವರೆಗೆ ಹೋಗುತ್ತೋ ಅಲ್ಲಿಯವರೆಗೇ ಸಿನಿಮಾ! ಬ್ರೆಡ್ ಸುಡುವವರು, ಮಾಂಸದಂಗಡಿಯವರು, ದರ್ಜಿ, ಸೆಂಟು ಮಾರುವ ಮುದುಕ ದಂಪತಿ. ಸಂಜೆಯಾದರೆ ಆ ಅಂಗಡಿಯ ಅಜ್ಜಿ ಎಲ್ಲೋ ಹೊರಟವರ ಹಾಗೆ ಬಾಗಿಲಿಗೆ ಬರುತ್ತಾರೆ. ಆದರೆ ಹೊರಡುವುದಿಲ್ಲ. ನೋಡುವಾಗ ನನಗೆ ಗಂಟಲು ಕಟ್ಟಿತು.

ಇಂಥವರನ್ನು "ಹಿಂದೆ ಬಂದವರು" ಅಂತೀರಾ? 1985ರಲ್ಲಿ ವೆನಿಸ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಗೋಲ್ಡನ್ ಲಯನ್, 2017ರಲ್ಲಿ ಗೌರವ ಆಸ್ಕರ್. ಅದೆಲ್ಲ ಬಿಡಿ, ನನಗೆ ಪ್ರಶಸ್ತಿ ಬೇಕಾಗಿಲ್ಲ. 1954 ಸಾಕು. ಐವತ್ತನಾಲ್ಕು ಮೊದಲೋ, ಐವತ್ತೊಂಬತ್ತು ಮೊದಲೋ? ಮೊದಲು ಬಂದದ್ದು ವಾರ್ದಾ. ವಾರ್ದಾ! ಆ 80 ಜನರೂ ಇವತ್ತು ರಾತ್ರಿ 'ಲಾ ಪ್ವಾಂತ್ ಕೂರ್ತ್' ನೋಡಿ. ನಾಳೆ ಬಂದು ಅದೇ ಕಾಮೆಂಟ್ ಹಾಕಿ, ನೋಡೋಣ.