ಅಪ್ಪ ಕೊಟ್ಟ ಕೀ

ಕೇಳುಗರಿಗೆ ನಮಸ್ಕಾರ.

ಈ ಸ್ಟುಡಿಯೋದ ಗೋಡೆಯ ಮೇಲೊಂದು ಗಡಿಯಾರವಿದೆ. ಬಾನುಲಿಯವರ ಗಡಿಯಾರ, ಅದು ತಪ್ಪುವಂತಿಲ್ಲ. ನನ್ನ ಕೈಯಲ್ಲಿರುವ ವಾಚು ಅದಕ್ಕಿಂತ ಮೂರು ನಿಮಿಷ ಹಿಂದಿದೆ. ಒಳಗೆ ಬರುವಾಗ ಇದನ್ನು ಗಮನಿಸಿದ ಉದ್ಘೋಷಕರು, "ಸರಿಮಾಡಿಕೊಳ್ಳಿ ಮೇಡಂ" ಎಂದರು. ಬೆಳಿಗ್ಗೆ ಸರಿಮಾಡಿಕೊಂಡೇ ಮನೆ ಬಿಟ್ಟಿದ್ದೇನೆ, ಸಂಜೆಯ ಹೊತ್ತಿಗೆ ಇಷ್ಟು ಹಿಂದೆ ಬೀಳುವುದು ಇದರ ವಾಡಿಕೆ ಎಂದೆ. ಅವರು ನಕ್ಕು ಬಾಗಿಲು ಮುಚ್ಚಿಕೊಂಡು ಹೋದರು. ಹೀಗೆ ಹಿಂದೆ ಬೀಳುವ ಒಂದು ವಾಚನ್ನು ನಮ್ಮ ಮನೆಯಲ್ಲಿ ಮೂರು ತಲೆಮಾರಿನವರು ಏಕೆ ಕಟ್ಟಿಕೊಂಡು ತಿರುಗಿದೆವು ಎಂಬುದೇ ಇವತ್ತಿನ ನನ್ನ ಮಾತು.

ಇದು ಎಚ್‌ಎಂಟಿ ಜನತಾ. ದಿನಾ ಕೀ ಕೊಡಬೇಕಾದ ವಾಚು. ಡಯಲ್ ಬಿಳಿಯದು ಎಂದು ಅಮ್ಮ ಹೇಳುತ್ತಾರೆ. ನಾನು ಕಂಡಾಗಿನಿಂದ ಅದು ಹಳೆಯ ಪುಸ್ತಕದ ಹಾಳೆಯ ಬಣ್ಣಕ್ಕಿದೆ. ನಾಲ್ಕು ಗಂಟೆಯ ಗೆರೆಯ ಪಕ್ಕದಲ್ಲಿ ಸಾಸಿವೆ ಕಾಳಿನಷ್ಟು ಕಂದು ಕಲೆ. ಕೆಳಗೆ ಇಂಗ್ಲಿಷಿನಲ್ಲಿ '17 ಜ್ಯುವೆಲ್ಸ್' ಎಂದು ಬರೆದಿದೆ. ಇದನ್ನು ಓದಿಕೊಂಡು ನಾಲ್ಕನೆಯ ಕ್ಲಾಸಿನಲ್ಲಿ, ನಮ್ಮಪ್ಪನ ವಾಚಿನೊಳಗೆ ಹದಿನೇಳು ರತ್ನಗಳಿವೆ ಎಂದು ಗೆಳತಿಯರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ. ಅದು ಪೂರಾ ಸುಳ್ಳೂ ಅಲ್ಲ. ಚಕ್ರಗಳ ಅಚ್ಚು ಸವೆಯದಿರಲೆಂದು ಕೂರಿಸುವ ಹರಳುಗಳು ಅವು, ಕಾರ್ಖಾನೆಯಲ್ಲಿ ತಯಾರಾದ ಕೃತಕ ಮಾಣಿಕ್ಯ. ಮಾರಿದರೆ ಒಂದು ಲೋಟ ಕಾಫಿಯೂ ಬರಲಿಕ್ಕಿಲ್ಲ.

ಎಚ್‌ಎಂಟಿ ಎಂದರೆ ಹಿಂದೂಸ್ತಾನ್ ಮೆಷಿನ್ ಟೂಲ್ಸ್. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಶುರುವಾದಾಗ ಅಲ್ಲಿ ತಯಾರಾಗುತ್ತಿದ್ದದ್ದು ಯಂತ್ರೋಪಕರಣ. ಕೈಗಡಿಯಾರಕ್ಕೆ ಅವರು ಕೈಹಾಕಿದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ. ಮೊದಲ ಕಂತಿನ ವಾಚುಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ. ಆಮೇಲೆ ಜನತಾ, ಪೈಲಟ್, ಜವಾನ್, ಕಾಂಚನ್, ಕೊಹಿನೂರ್, ಹೆಂಗಸರಿಗೆ ಸುಜಾತಾ ಎಂದು ಒಂದೊಂದಾಗಿ ಬಂದವು. ಸೈಕಲ್, ರೇಡಿಯೋ, ವಾಚು ಈ ಮೂರೂ ಸೇರಿದರೆ ಮದುವೆಯ ಮಾತುಕತೆ ಮುಗಿಯುತ್ತಿದ್ದ ಕಾಲ. ಮಗ ಎಸ್ಸೆಸ್ಸೆಲ್ಸಿ ಪಾಸಾದರೆ ವಾಚು, ನೌಕರ ನಿವೃತ್ತನಾದರೆ ಹಾರ, ಶಾಲು, ವಾಚು. ಇನ್ನು ಮುಂದೆ ಯಾವ ಹಾಜರಿ ಪುಸ್ತಕಕ್ಕೂ ಸಹಿ ಹಾಕಬೇಕಿಲ್ಲದ ಮನುಷ್ಯನಿಗೆ ವಾಚು ಕೊಡುವುದರಲ್ಲಿ ಯಾವ ತರ್ಕವಿತ್ತೋ!

ನಮ್ಮ ತಾತ ಇದನ್ನು ಕೊಂಡದ್ದು 1970ರ ಆಸುಪಾಸಿನಲ್ಲಿ, ತಿಪಟೂರಿನಲ್ಲಿ ಕೊಬ್ಬರಿ ಮಾರಿದ ದುಡ್ಡಿನಿಂದ. ತಾತನಿಗೆ ವಾಚು ಬೇಕಿರಲಿಲ್ಲ. ತೋಟದಲ್ಲಿ ತೆಂಗಿನ ಮರದ ನೆರಳು ನೋಡಿ ಹೊತ್ತು ಹೇಳುತ್ತಿದ್ದವರು. ಆದರೆ ಮಾರುಕಟ್ಟೆಯಲ್ಲಿ ಹರಾಜು ಕೂಗುವ ಹೊತ್ತಿಗೆ ಮಂಡಿಯವರು ಮಣಿಕಟ್ಟು ಎತ್ತಿ ನೋಡಿಕೊಳ್ಳುತ್ತಿದ್ದರಂತೆ. ಆ ಎತ್ತಿ ನೋಡುವ ಗತ್ತು ತಾತನಿಗೆ ಬೇಕಾಗಿತ್ತು ಎಂಬುದು ನನ್ನ ಊಹೆ. ತಿಪಟೂರಿಗೆ ಹೋಗುವ ದಿನ ಮಾತ್ರ ಕಟ್ಟುತ್ತಿದ್ದರು, ಉಳಿದ ದಿನ ಅದು ಅಕ್ಕಿ ಡಬ್ಬದ ಮೇಲಿನ ಗೂಡಿನಲ್ಲಿರುತ್ತಿತ್ತು. 1978ರಲ್ಲಿ ಕಣ್ಣಿಗೆ ಪೊರೆ ಬಂದು ಮುಳ್ಳುಗಳು ಕಾಣದಾದಾಗ ಅಪ್ಪನಿಗೆ ಕೊಟ್ಟರು. "ಹೊಸದರ ಹಾಗೇ ಇದೆ, ಹಾಳುಮಾಡಬೇಡ" ಎಂದು ಹೇಳಿಯೇ ಕೊಟ್ಟರಂತೆ.

ಅಪ್ಪ ಪ್ರಾಥಮಿಕ ಶಾಲೆಯ ಮೇಷ್ಟ್ರು. ಲೆಕ್ಕದ ಮೇಷ್ಟ್ರು ಎಂದರೆ ಅವರಿಗೆ ಇನ್ನೂ ಇಷ್ಟವಾಗುತ್ತಿತ್ತು. ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದದ್ದು ಈ ವಾಚಿನ ಲೆಕ್ಕಕ್ಕೆ. ವಾಚು ಓಡುತ್ತಿದ್ದದ್ದು ಆಕಾಶವಾಣಿಯ ಲೆಕ್ಕಕ್ಕೆ. ಬೆಳಿಗ್ಗೆ ಏಳು ಮೂವತ್ತೈದಕ್ಕೆ ದೆಹಲಿಯಿಂದ ಕನ್ನಡ ವಾರ್ತೆ. ಅದಕ್ಕೆ ಎರಡು ನಿಮಿಷ ಮೊದಲೇ ಅಪ್ಪ ವಾಚು ಬಿಚ್ಚಿ ರೇಡಿಯೋ ಪಕ್ಕ ಕೂರುತ್ತಿದ್ದರು. ಸಮಯ ಹೇಳಿದ ಕೂಡಲೇ ಮುಳ್ಳು ಸರಿಪಡಿಸಿ, ಆಮೇಲೆ ಕೀ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಕಿರ್ರ್, ಕಿರ್ರ್ ಎಂದು ಸಣ್ಣ ಸದ್ದು, ವಾರ್ತೆ ಓದುವವರ ದನಿಯ ಹಿಂದೆ. ಕೊನೆಯ ಎರಡು ಸುತ್ತು ಬಹಳ ನಿಧಾನ. ಬೆರಳಿಗೆ ತಡೆ ಸಿಕ್ಕಿದ ತಕ್ಷಣ ಬಿಟ್ಟುಬಿಡಬೇಕು. ನಮಗೆ ಯಾರಿಗೂ ಕೀ ಕೊಡಲು ಬಿಡುತ್ತಿರಲಿಲ್ಲ. "ಒಂದೇ ಕೈ ಅಭ್ಯಾಸವಾಗಿರಬೇಕು" ಎನ್ನುತ್ತಿದ್ದರು.

ಆ ಕೀಯ ಅಂಚಿನಲ್ಲಿ ಹೊಸದರಲ್ಲಿ ಗರಗಸದ ಹಲ್ಲಿನಂಥ ಗೀರುಗಳಿರುತ್ತವೆ, ಬೆರಳು ಜಾರಬಾರದೆಂದು. ಇದರಲ್ಲಿ ಈಗ ಒಂದೂ ಉಳಿದಿಲ್ಲ, ಹುಣಸೆ ಬೀಜದಷ್ಟು ನುಣುಪು. ನಾನೂ ಮೇಷ್ಟ್ರ ಮಗಳೇ ಆದ್ದರಿಂದ ಲೆಕ್ಕ ಹಾಕಿದೆ. ದಿನಕ್ಕೆ ಇಪ್ಪತ್ತೈದು ಸಲ ಬೆರಳು ಉಜ್ಜಿದರು ಎಂದಿಟ್ಟುಕೊಂಡರೂ ನಲವತ್ತು ವರ್ಷಕ್ಕೆ ಮೂರು ಲಕ್ಷದ ಅರವತ್ತೈದು ಸಾವಿರ ಸಲ.

ನಲವತ್ತು ವರ್ಷ ಎಂದೆ. 2018ರಲ್ಲಿ ಅಪ್ಪ ತೀರಿಕೊಂಡರು. ಯಜಮಾನ ಹೋದ ಗಳಿಗೆಯಲ್ಲೇ ಅವನ ವಾಚೂ ನಿಂತಿತು ಎಂಬ ಕಥೆಗಳನ್ನು ನೀವು ಕೇಳಿರುತ್ತೀರಿ. ನಮ್ಮಲ್ಲಿ ಹಾಗಾಗಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಒಬ್ಬರು ವಾಚು ಬಿಚ್ಚಿ ನನ್ನ ಕೈಗೆ ಕೊಟ್ಟಾಗ ಅದು ಓಡುತ್ತಿತ್ತು. ಸಂಜೆ ಆರು ಗಂಟೆ ಇಪ್ಪತ್ತು ನಿಮಿಷ. ಬೆಳಿಗ್ಗೆ ವಾರ್ತೆಯ ಹೊತ್ತಿಗೆ ಎಂದಿನಂತೆ ಕೀ ಕೊಟ್ಟು, ಆಮೇಲೆ ಎದೆ ಹಿಡಿದುಕೊಂಡು ಕೂತವರು ಅವರು. ರಾತ್ರಿ ಎಲ್ಲರೂ ಅತ್ತು ಸುಸ್ತಾಗಿ ಗೋಡೆಗೊರಗಿ ಕೂತಿದ್ದಾಗ ನನ್ನ ಕೈಚೀಲದೊಳಗೆ ಅದರ ಸದ್ದು ಕೇಳಿಸುತ್ತಿತ್ತು. ಈ ವಾಚು ಸೆಕೆಂಡಿಗೆ ಐದು ಸಲ ಬಡಿಯುತ್ತದೆ. ಮಾರನೆಯ ದಿನ ಮಣ್ಣು ಮಾಡಿ ಬಂದಾಗಲೂ ಓಡುತ್ತಿತ್ತು. ಮೂರನೆಯ ದಿನ, ಹಾಲುತುಪ್ಪದ ಬೆಳಿಗ್ಗೆ ನೋಡಿದರೆ ಹನ್ನೊಂದು ಇಪ್ಪತ್ತಕ್ಕೆ ನಿಂತಿತ್ತು.

ಬ್ಯಾಟರಿ ವಾಚಿಗೂ ಇದಕ್ಕೂ ಇರುವ ವ್ಯತ್ಯಾಸ ನನಗೆ ಅವತ್ತೇ ಅರ್ಥವಾದದ್ದು. ಇದರೊಳಗೆ ಸುರುಳಿ ಸುತ್ತಿದ ಒಂದು ಸ್ಪ್ರಿಂಗು ಬಿಟ್ಟರೆ ಬೇರೆ ಯಾವ ಶಕ್ತಿಯೂ ಇಲ್ಲ. ಕೀ ಕೊಡುವವನ ಬೆರಳಿನ ಬಲವೇ ಆ ಸುರುಳಿಗೆ ಹೋಗಿ ಕೂರುತ್ತದೆ, ಅದೇ ಬಲ ಒಂದೂವರೆ ದಿನ ಸ್ವಲ್ಪ ಸ್ವಲ್ಪವಾಗಿ ಬಿಚ್ಚಿಕೊಳ್ಳುತ್ತದೆ. ಅಪ್ಪ ಹೋದ ಮೇಲೂ ಇಪ್ಪತ್ತೊಂಬತ್ತು ಗಂಟೆ ಕಾಲ ಮುಳ್ಳುಗಳನ್ನು ದೂಡಿದ್ದು ಅಪ್ಪನ ಬೆರಳೇ. ಅಷ್ಟರೊಳಗೆ ನಾವು ಯಾರಾದರೂ ಕೀ ಕೊಟ್ಟಿದ್ದರೆ ನಿಲ್ಲುತ್ತಲೇ ಇರಲಿಲ್ಲ. ಮನೆ ತುಂಬ ಜನರಿದ್ದರು, ಯಾರೂ ಕೊಡಲಿಲ್ಲ.

ಗಂಡಸರ ವಾಚು ಮಗನಿಗೆ ಸೇರಬೇಕು ಎಂದು ಅಮ್ಮ ತೀರ್ಪು ಕೊಟ್ಟರು. ನನಗೆ ಸಿಟ್ಟು ಬಂದಿತ್ತು, ಮುಚ್ಚಿಡುವುದೇಕೆ. ಬೆಂಗಳೂರಿನಲ್ಲಿರುವ ಅಣ್ಣನ ಕೈಯಲ್ಲಿ ಆಗಲೇ ಎದೆಬಡಿತ, ನಡಿಗೆ, ನಿದ್ದೆ ಎಲ್ಲವನ್ನೂ ಎಣಿಸುವ ವಾಚಿತ್ತು. ಅಪ್ಪನದು ಬೀರುವಿನೊಳಗೆ ನಾಲ್ಕು ವರ್ಷ ಮಲಗಿತು. 2022ರ ಗೌರಿ ಹಬ್ಬಕ್ಕೆ ಬಾಗಿನ ಕೊಡಲು ತುಮಕೂರಿಗೆ ಬಂದವನು, ಮೊರದ ಜೊತೆಯಲ್ಲಿ ಸೀರೆ, ಅರಿಶಿನ ಕುಂಕುಮಕ್ಕೆಂದು ದುಡ್ಡು, ಅದರ ಮೇಲೆ ಕರವಸ್ತ್ರದಲ್ಲಿ ಸುತ್ತಿದ ಈ ವಾಚನ್ನೂ ಇಟ್ಟ. "ಕೀ ಕೊಟ್ಟರೂ ಓಡುತ್ತಿಲ್ಲ ಕಣೇ. ನನ್ನ ಹತ್ತಿರ ಇದ್ದು ಏನೂ ಪ್ರಯೋಜನವಿಲ್ಲ, ನೀನಾದರೆ ಹಿಂದೆ ಬಿದ್ದು ಸರಿಮಾಡಿಸುತ್ತೀಯ" ಎಂದ. ಗೌರಿ ಬಾಗಿನದಲ್ಲಿ ಗಂಡಸರ ವಾಚು ಪಡೆದವಳು ತುಮಕೂರು ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ತುಮಕೂರಿನಲ್ಲಿ ಎಚ್‌ಎಂಟಿಯ ವಾಚ್ ಫ್ಯಾಕ್ಟರಿ ಇದ್ದ ಕಾಲದಲ್ಲಾಗಿದ್ದರೆ ರಿಪೇರಿ ಒಂದು ಸಮಸ್ಯೆಯೇ ಆಗುತ್ತಿರಲಿಲ್ಲ. ಊರಿನಲ್ಲಿ ಎರಡು ಮನೆಗೊಬ್ಬರು ಅಲ್ಲಿಗೆ ಹೋಗುವವರಿದ್ದರು ಎನಿಸುವಂತಿತ್ತು. 1980ರ ದಶಕದ ಕೊನೆಗೆ ಹೊಸೂರಿನಿಂದ ಟೈಟನ್ ಕಂಪನಿಯ, ಬ್ಯಾಟರಿಯಿಂದ ಓಡುವ ಕ್ವಾರ್ಟ್ಸ್ ವಾಚುಗಳು ಬಂದವು, ಆಮೇಲೆ ಮೊಬೈಲ್ ಬಂತು. ಎಚ್‌ಎಂಟಿ ವಾಚಸ್ ಅನ್ನು ಮುಚ್ಚಲು ಕೇಂದ್ರ ಸರ್ಕಾರ ಒಪ್ಪಿದ್ದು 2016ರ ಜನವರಿಯಲ್ಲಿ. ತುಮಕೂರಿನ ಕಾರ್ಖಾನೆಯ ಜಾಗ ಈಗ ಇಸ್ರೋದ ಕೈಯಲ್ಲಿದೆ.

ವಿಚಾರಿಸಿ ವಿಚಾರಿಸಿ ಒಬ್ಬರನ್ನು ಹಿಡಿದೆ. ಎರಡು ಅಂಗಡಿಗಳ ನಡುವಿನ ಸಂದಿನಲ್ಲಿ ಒಂದು ಗಾಜಿನ ಪೆಟ್ಟಿಗೆ, ಒಂದು ಸ್ಟೂಲು, ಒಂದು ದೀಪ, ಅಷ್ಟೇ ಅವರ ಅಂಗಡಿ. ಎಪ್ಪತ್ತರ ಹತ್ತಿರದ ವಯಸ್ಸು. ವಾಚನ್ನು ಕಿವಿಗೆ ಹಿಡಿದರು, ಅಲ್ಲಾಡಿಸಲಿಲ್ಲ. ಅಲ್ಲಾಡಿಸದಿದ್ದದ್ದು ನೋಡಿ ನನಗೆ ಧೈರ್ಯ ಬಂತು. "ಎಣ್ಣೆ ಒಣಗಿದೆ. ಬ್ಯಾಲೆನ್ಸಿಗೂ, ಅಂದರೆ ಒಳಗೆ ಅತ್ತಿತ್ತ ಆಡುವ ಚಕ್ರಕ್ಕೂ, ಏಟು ಬಿದ್ದಿದೆ. ಡಯಲ್ ಹೊಸದಾಗಿ ಬರೆಸಿಬಿಡಲೇ? ನೀಲಿ, ಹಸಿರು, ಯಾವ ಬಣ್ಣ ಬೇಕಾದರೂ ಆಗುತ್ತದೆ. ಈಗ ಹುಡುಗರು ಹಾಗೇ ಕೇಳುತ್ತಾರೆ." ಬೇಡ ಎಂದೆ. ಅಂತರ್ಜಾಲದಲ್ಲಿ ಮಾರಾಟಕ್ಕಿರುವ ಎಷ್ಟೋ 'ಹಳೆಯ' ಜನತಾ ವಾಚುಗಳು ಹೀಗೆ ಬಣ್ಣ ಬಳಿಸಿಕೊಂಡವೇ. ಎಂಬತ್ತರ ಅಜ್ಜಿಯ ತುಟಿಗೆ ಬಣ್ಣ ಹಚ್ಚಿ ಕೂರಿಸಿದ ಹಾಗೆ ಕಾಣುತ್ತವೆ ನನ್ನ ಕಣ್ಣಿಗೆ. ಕೀ ಬದಲಾಯಿಸುವುದೂ ಬೇಡ ಎಂದೆ. "ಬೆರಳು ಜಾರುತ್ತದಲ್ಲಮ್ಮ" ಎಂದರು. ಜಾರಲಿ ಎಂದೆ. ಗಾಜು ಮಾತ್ರ ಸೀಳಿತ್ತು, ನೀರಿನ ಪಸೆ ಒಳಗೆ ಹೋಗುತ್ತದೆ ಎಂದದ್ದಕ್ಕೆ ಒಪ್ಪಿದೆ.

ಹೀಗೆ ಏನು ಉಳಿಯಬೇಕು, ಏನು ಹೋಗಬೇಕು ಎಂದು ನಾನು ಪಟ್ಟಿ ಒಪ್ಪಿಸುತ್ತಿರುವಾಗಲೇ ಅವರು ಒಂದು ಹಲ್ಲುಕಡ್ಡಿ ತೆಗೆದು ಹಿಂದಿನ ಮುಚ್ಚಳದ ಸಂದಿಯಲ್ಲಿ ಒಂದು ಸುತ್ತು ಎಳೆದರು. ಕಡ್ಡಿಯ ತುದಿಗೆ ಬೂದು ಬಣ್ಣದ ಮೇಣದಂಥದ್ದು ಬಂತು. ಅಂಗಡಿಯ ಬಟ್ಟೆಗೆ ಒರೆಸಿಬಿಟ್ಟರು. "ಕೊಳೆಯಲ್ಲ ಇದು, ಸೀಮೆಸುಣ್ಣದ ಪುಡಿ. ಬೆವರಿನ ಜೊತೆ ಸೇರಿ ಗಟ್ಟಿಯಾಗಿತ್ತು. ನಿಮ್ಮ ತಂದೆ ಮೇಷ್ಟ್ರೇ?" ಎಂದು ಕೇಳಿದರು. ನಿವೃತ್ತರಾದ ಮೇಲೂ ಅಪ್ಪ ಜಗುಲಿಯಲ್ಲಿ ಕರಿಹಲಗೆ ತೂಗುಹಾಕಿ ಕೇರಿಯ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಿದ್ದರು. ಡಯಲಿನ ಕಲೆ ಉಳಿಸಿಕೊಂಡೆ, ನುಣುಪಾದ ಕೀ ಉಳಿಸಿಕೊಂಡೆ, ಅದನ್ನು ಉಳಿಸಿಕೊಳ್ಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಆ ಬಟ್ಟೆಯನ್ನೇ ನೋಡುತ್ತ ನಿಂತೆ.

ಮುಚ್ಚಳ ತೆಗೆದು ಒಳಭಾಗವನ್ನು ದೀಪಕ್ಕೆ ಹಿಡಿದರು. ಕಣ್ಣಿನ ಭೂತಗನ್ನಡಿ ತೆಗೆದು ನನಗೇ ಕೊಟ್ಟು, "ನೋಡಿ" ಎಂದರು. ಸೂಜಿಯಿಂದ ಗೀಚಿದ ಹಾಗೆ ಮೂರು ಸಣ್ಣ ಗುರುತುಗಳು, ಮೂರು ಬೇರೆ ಬೇರೆ ಕೈಬರಹ. '2-78'. '11-91'. '3-03'. ವಾಚು ತೆರೆದ ರಿಪೇರಿಯವರು ತೆರೆದ ತಿಂಗಳು, ವರ್ಷವನ್ನು ಹೀಗೆ ಬರೆದಿಡುವುದುಂಟಂತೆ.

1978 ಎಂದರೆ ಅಪ್ಪನಿಗೆ ಕೊಡುವ ಮೊದಲು ತಾತ ಸರ್ವಿಸ್ ಮಾಡಿಸಿದ್ದು. 'ಹೊಸದರ ಹಾಗೇ ಇದೆ' ಎಂಬ ಮಾತಿನ ಗುಟ್ಟು ಇದು. 1991 ನೋಡಿ ನಾನು ಬೆಚ್ಚಿದೆ. ಆ ವರ್ಷ ನಾನು ಪಿಯುಸಿ. ಅಪ್ಪನ ಕೈ ಒಂದು ತಿಂಗಳು ಬರಿದಾಗಿತ್ತು. "ನಿನ್ನ ಫೀಸಿಗೆಂದು ವಾಚು ಅಡವಿಟ್ಟರು" ಎಂದು ಅಮ್ಮ ಮೂವತ್ತು ವರ್ಷದಿಂದ ಹೇಳುತ್ತ ಬಂದಿದ್ದಾರೆ. ಅದನ್ನು ನಂಬಿ ಎಷ್ಟೋ ಸಲ ಒಳಗೊಳಗೇ ಕೊರಗಿದ್ದೇನೆ. ಇಲ್ಲಿ ನೋಡಿದರೆ ವಾಚು ಹೋಗಿದ್ದದ್ದು ರಿಪೇರಿಗೆ! ಮನೆಗೆ ಬಂದು ಅಮ್ಮನನ್ನು ಕೇಳಿದರೆ, ಹುರುಳಿಕಾಯಿ ಬಿಡಿಸುತ್ತಿದ್ದವರು ತಲೆ ಎತ್ತದೆ, "ರಿಪೇರಿಗೂ ಕೊಟ್ಟಿರಬಹುದು, ಯಾರಿಗೆ ನೆನಪಿದೆ" ಎಂದರು.

ಒಂದು ವಾರದ ಮೇಲೆ ಹೋದೆ. ವಾಚು ಓಡುತ್ತಿತ್ತು. ಬ್ಯಾಲೆನ್ಸ್ ಹೊಸದು ಸಿಕ್ಕಿತೇ ಎಂದು ಕೇಳಿದೆ. ಅವರು ಬಿಸ್ಕತ್ತಿನ ಹಳೆಯ ತಗಡಿನ ಡಬ್ಬ ತೆರೆದು ತೋರಿಸಿದರು. ಅದರ ತುಂಬ ಜನತಾ, ಪೈಲಟ್, ಸೋನಾ ವಾಚುಗಳು. ಕೆಲವಕ್ಕೆ ಡಯಲ್ ಇಲ್ಲ, ಕೆಲವಕ್ಕೆ ಮುಳ್ಳಿಲ್ಲ. ಬಿಟ್ಟು ಹೋದವರು, ಹತ್ತಿಪ್ಪತ್ತು ರೂಪಾಯಿಗೆ ಮಾರಿ ಹೋದವರು, ಕೊಟ್ಟು ಮರೆತೇಹೋದವರು. "ಕಂಪನಿ ಮುಚ್ಚಿದ ಮೇಲೆ ಇವೇ ನಮಗೆ ಗತಿ. ಇದಕ್ಕೆ ಹಾಕಿರುವುದು ಇವುಗಳಲ್ಲೇ ಒಂದರದ್ದು" ಎಂದರು. ಯಾರದೋ ತಂದೆಯದೋ ಮಾವನದೋ ವಾಚಿನ ಚಕ್ರ ಈಗ ನಮ್ಮಪ್ಪನ ವಾಚಿನೊಳಗೆ ಸೆಕೆಂಡಿಗೆ ಐದು ಸಲ ಬಡಿಯುತ್ತಿದೆ. ಅವರ ಮಕ್ಕಳಿಗೆ ಇದು ಗೊತ್ತಿಲ್ಲ.

ಒಡೆದ ಗಾಜನ್ನು ಪೊಟ್ಟಣ ಕಟ್ಟಿ ಕೊಟ್ಟರು. ಮುಚ್ಚಳ ಹಾಕುವ ಮುನ್ನ ಸೂಜಿಯಂಥ ಉಪಕರಣ ಹಿಡಿದು, ಮೂರು ಗುರುತುಗಳ ಕೆಳಗೆ '10-22' ಎಂದು ಗೀಚಿದರು. ಕೈ ಸ್ವಲ್ಪ ನಡುಗಿ ಎರಡನೆಯ ಅಂಕಿ ಸೊಟ್ಟಗಾಯಿತು.

"ಇದು ಯಾರಿಗೆ?" ಎಂದು ಕೇಳಿದೆ.

"ಮುಂದೆ ತೆರೆಯುವವನಿಗೆ" ಎಂದು ಮುಚ್ಚಳ ಒತ್ತಿದರು. ಟಕ್ ಎಂದಿತು. ನಾನೂರ ಐವತ್ತು ರೂಪಾಯಿ, ಬೆಲ್ಟಿಗೆ ಬೇರೆ.

ನಮಸ್ಕಾರ.