ಆನೆಮರಿಯ ಬಾಟ್ಲಿಯಲ್ಲಿ ತೆಂಗಿನೆಣ್ಣೆ!

ನಮಸ್ಕಾರ. ಹೋದ ವಾರ ಕಾಪುವಿನ ಒಬ್ಬ ವೀಕ್ಷಕರು ಒಂದು ಫೋಟೋ ಕಳಿಸಿದ್ದರು. ಗಾಳಿಗೆ ತೆಂಗಿನ ಮಡಲು ಬಿದ್ದಿದೆ, ಜೊತೆಗೆ ಅಳಿಲಿನ ಗೂಡೂ ಬಿದ್ದಿದೆ. ನಾರಿನ ನಡುವೆ ಕಣ್ಣು ಬಿಡದ ಒಂದು ಮರಿ. "ಇದನ್ನು ಸಾಕಿ, ದೊಡ್ಡದಾದ ಮೇಲೆ ಬಿಡಬಹುದಾ?" ಅಂತ ಕೇಳಿದ್ದರು.

ನಾನು ಸಣ್ಣವಳಿದ್ದಾಗ ನಮ್ಮ ಮನೆಯಲ್ಲೂ ಹೀಗೇ ಆಗಿತ್ತು. ದೊಡ್ಡಮ್ಮ ಮರಿಯನ್ನು ಅಂಗಾತ ಹಿಡಿದು ಇಂಕ್ ಫಿಲ್ಲರಿನಲ್ಲಿ ದನದ ಹಾಲು ಕುಡಿಸಿದರು. ಸ್ವಲ್ಪ ಹೊತ್ತಿಗೆ ಅದರ ಮೂಗಿನ ತುದಿಯಲ್ಲಿ ಸಣ್ಣದೊಂದು ಬಿಳಿ ಗುಳ್ಳೆ ಬಂತು. ಒಡೆಯಿತು, ಮತ್ತೆ ಬಂತು. ಹಾಲು ಶ್ವಾಸಕೋಶಕ್ಕೆ ಹೋಗಿತ್ತು. ಬೆಳಗಾಗುವಾಗ ಮರಿ ತಣ್ಣಗಾಗಿತ್ತು. ದೊಡ್ಡಮ್ಮ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

ಹಾಗಾಗಿ ಮೊದಲ ಕೆಲಸ ಬೇಗ ಹೇಳಿಬಿಡುತ್ತೇನೆ. ಮೈ ತಣ್ಣಗಿದ್ದರೆ ಬೆಚ್ಚಗೆ ಮಾಡಿ, ಅಲ್ಲಿಯವರೆಗೆ ಬಾಯಿಗೆ ಏನೂ ಬೇಡ. ಗಾಯ ಇಲ್ಲದಿದ್ದರೆ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಅದೇ ಮರದ ಬುಡದಲ್ಲಿಡಿ. ಬೆಕ್ಕು ಬಾರದ ಹಾಗೆ ದೂರ ನಿಂತು ಕಾಯಿರಿ. ಕಾಪುವಿನವರು ಹಾಗೇ ಮಾಡಿದರು. ತಾಯಿ ಅಳಿಲು ಮೂರು ಸಲ ಇಳಿದು ಮೂರು ಸಲವೂ ವಾಪಸ್ ಓಡಿತಂತೆ, ನಾಲ್ಕನೇ ಸಲ ಮರಿಯನ್ನು ಕಚ್ಚಿಕೊಂಡು ಸರ್ರನೆ ಮೇಲೆ ಹೋಯಿತು.

ತಾಯಿ ನಿಜವಾಗಿ ಇಲ್ಲದಿದ್ದರೆ? ಆಗ ಮೊದಲ ತೊಡಕು ಹಾಲು. ಒಂದೊಂದು ಪ್ರಾಣಿಯ ಹಾಲು ಒಂದೊಂದು ತರ. ಕೀನ್ಯಾದಲ್ಲಿ ತಬ್ಬಲಿ ಆನೆಮರಿಗಳನ್ನು ಸಾಕುತ್ತಿದ್ದ ಡ್ಯಾಫ್ನಿ ಶೆಲ್ಡ್ರಿಕ್ ಅಂತ ಒಬ್ಬರು ಇದ್ದರು. ಆ ಮರಿಗಳಿಗೆ ದನದ ಹಾಲಿನ ಕೊಬ್ಬು ಆಗುತ್ತಿರಲಿಲ್ಲ, ಭೇದಿಯಾಗಿ ಸಾಯುತ್ತಿದ್ದವು. ಹಾಲಿನ ಹದ ಪೂರ್ತಿ ಕೂಡಿಬರಲು ಸುಮಾರು 28 ವರ್ಷ ಬೇಕಾಯಿತು. ಕೊನೆಗೆ ಆನೆ ಹಾಲಿನ ಕೊಬ್ಬಿಗೆ ಹತ್ತಿರ ಬಂದದ್ದು ಯಾವುದು ಗೊತ್ತಾ? ತೆಂಗಿನೆಣ್ಣೆ! ಮನುಷ್ಯರ ಮಕ್ಕಳಿಗೆ ಕೊಡುವ ಹಾಲಿನಪುಡಿಗೆ ತೆಂಗಿನೆಣ್ಣೆ ಸೇರಿಸಿದರು. ನಾವು ದಿನಾ ಒಗ್ಗರಣೆಗೆ ಹಾಕುವ ಎಣ್ಣೆ! ಇದನ್ನು ಓದಿದ ದಿನ ನಾನು ಮನೆಯವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ.

ಹಾಲು ಸರಿಯಾದರೂ ಮರಿ ಸುಮ್ನೆ ಕುಡಿಯುವುದಿಲ್ಲ. ಕುಡಿಯುವಾಗ ಸೊಂಡಿಲನ್ನು ತಾಯಿಯ ಮೈಗೆ ಒರಗಿಸಿ ಅಭ್ಯಾಸ ಅಲ್ವಾ? ಅದಕ್ಕೆ ಅಲ್ಲಿನವರು ಒಂದು ಕಂಬಳಿ ತೂಗುಹಾಕುತ್ತಾರೆ. ಮರಿ ಅದಕ್ಕೆ ಸೊಂಡಿಲು ಒತ್ತಿ ನಿಲ್ಲುತ್ತದೆ, ಕಂಬಳಿಯ ಸಂದಿನಿಂದ ಬಾಟ್ಲಿ ಬರುತ್ತದೆ.

ಆದರೆ ಹೀಗೆ ಬದುಕಿದ ಐಷಾ ಅನ್ನುವ ಮರಿ ಡ್ಯಾಫ್ನಿಗೆ ತುಂಬಾ ಅಂಟಿಕೊಂಡಿತ್ತು. 1974ರಲ್ಲಿ ಅವರು ಮಗಳ ಮದುವೆಗೆಂದು ಕೆಲವು ದಿನ ಹೋದಾಗ ಅದು ತಿನ್ನುವುದು ಬಿಟ್ಟು ಸತ್ತೇಹೋಯಿತು. ಆಮೇಲಿಂದ ಅಲ್ಲಿ ನೋಡಿಕೊಳ್ಳುವವರು ಸರದಿಯಲ್ಲಿ ಮರಿಗಳ ಪಕ್ಕ ಮಲಗುತ್ತಾರೆ, ಯಾವ ಮರಿಯೂ ಒಬ್ಬರನ್ನೇ ಹಚ್ಚಿಕೊಳ್ಳಬಾರದು ಅಂತ. ನನ್ನ ಮಟ್ಟಿಗೆ ಸಾಕುವುದರಲ್ಲಿ ಅತ್ಯಂತ ಕಷ್ಟದ ಭಾಗ ಇದೇ. ಎತ್ತಿಕೊಳ್ಳಬೇಕು ಅನಿಸುತ್ತದೆ, ಹೆಸರಿಡಬೇಕು ಅನಿಸುತ್ತದೆ, ರೀಲ್ಸ್ ಮಾಡಬೇಕು ಅನಿಸುತ್ತದೆ. ದಯವಿಟ್ಟು ಬೇಡ. ಮನುಷ್ಯರನ್ನು ಕಂಡು ಓಡದ ಪ್ರಾಣಿ ಹೊರಗೆ ಹೋದರೆ ಬಾಳುವುದು ಕಷ್ಟ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಅಮೆರಿಕದಲ್ಲಿ ಕಾಂಡೋರ್ ಹದ್ದಿನ ಮರಿಗಳಿಗೆ ಕೈಗೆ ಹದ್ದಿನ ತಲೆಯ ಗೊಂಬೆ ಹಾಕಿಕೊಂಡು ತಿನ್ನಿಸುತ್ತಿದ್ದರು, ಮುಖವೇ ಕಾಣಬಾರದು ಅಂತ. ಅಸ್ಸಾಮಿನ ಕಾಜಿರಂಗದ ಹತ್ತಿರ 2002ರಿಂದ ಇರುವ ಕೇಂದ್ರದಲ್ಲಿ ತಬ್ಬಲಿ ಘೇಂಡಾಮರಿಗಳನ್ನು ಬೆಳೆಸಿ ಮಾನಸ್ ಕಾಡಿಗೆ ಬಿಟ್ಟಿದ್ದಾರೆ. ಬಿಡುವುದು ಒಂದು ದಿನದ ಕೆಲಸ ಅಲ್ಲ, ಆನೆಗಳಿಗಂತೂ ವರ್ಷಗಟ್ಟಲೆ ಬೇಕು.

ನಮ್ಮಲ್ಲಿ ಹಂಚಿನ ಮಾಡಿನಲ್ಲಿ ಪುನುಗು ಬೆಕ್ಕಿನ ಮರಿಯೋ, ತೋಟದಲ್ಲಿ ನವಿಲಿನ ಮರಿಯೋ ಸಿಕ್ಕಿದರೆ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, 1972ರ ವನ್ಯಜೀವಿ ಕಾಯ್ದೆ ಇದೆ. ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಅವರು ಬರುವವರೆಗೆ ಪೆಟ್ಟಿಗೆಯ ಮುಚ್ಚಳದಲ್ಲಿ ಗಾಳಿಗೆ ನಾಲ್ಕು ತೂತು ಮಾಡಿ ಮುಚ್ಚಿಡಿ, ಕತ್ತಲೆ ಇರಲಿ, ಮಕ್ಕಳು ಇಣುಕುವುದು ಬೇಡ.