6 ಮತ್ತು 9: ಚಳಿಗಾಲದ ಆಶ್ರಯ ಕೇಂದ್ರದಲ್ಲಿ ಒಂದು ರಾತ್ರಿ, ಒಂದು ಹಗಲು

ಮೊದಲು ಕಾಣುತ್ತಿರುವುದು ಬೀಗ. ಸಂಜೆ ಆರೂಕಾಲು. ಬೀಗದ ಕೈ ಯಾರ ಬಳಿ ಇದೆ ಎಂಬ ಪ್ರಶ್ನೆಗೆ ಐವರು ಸ್ವಯಂಸೇವಕರು ಐದು ಉತ್ತರ ಕೊಟ್ಟ ಭಾಗವನ್ನು ಕತ್ತರಿಸಿ ಹಾಕಿದ್ದೇನೆ. ಕೈ ನನ್ನದೇ ಜೇಬಿನಲ್ಲಿತ್ತು. ಮುಂದೆ ಹೋಗೋಣ.

ಒಂದು ವಿಷಯ ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕೊನೆಯವರೆಗೂ ಕಾಯುತ್ತೀರಿ. ಈ ವೀಡಿಯೊದಲ್ಲಿ ಮುಖಗಳಿಲ್ಲ. ಇಲ್ಲಿ ಮಲಗಲು ಬರುವವರನ್ನು ನಾವು ಅತಿಥಿಗಳು ಎಂದು ಕರೆಯುತ್ತೇವೆ. ಅವರು ಬಂದ ಮೇಲೆ ಕ್ಯಾಮೆರಾ ಬಂದ್. ಬಾಗಿಲು ತೆರೆಯುವ ಮುನ್ನ ಮತ್ತು ಬೆಳಿಗ್ಗೆ ಎಲ್ಲರೂ ಹೋದ ಮೇಲೆ ಮಾತ್ರ ಚಿತ್ರೀಕರಣಕ್ಕೆ ಅನುಮತಿ. ಹಾಗಾಗಿ ನಿಮಗೆ ಕಾಣುವುದು ಹಾಸಿಗೆ, ಕಂಬಳಿ, ಕೊಕ್ಕೆ, ನನ್ನ ಕೈ. ಉಳಿದದ್ದಕ್ಕೆ ನನ್ನ ಬಾಯಿ ಇದೆ. ಮನೆಯಿದ್ದವನು ಮಲಗಿದ್ದಾಗ ಯಾರೂ ಅವನ ಕಿಟಕಿಯಲ್ಲಿ ಕ್ಯಾಮೆರಾ ಇಡುವುದಿಲ್ಲ, ಇವರಿಗೆ ಕಿಟಕಿಯೇ ಇಲ್ಲ ಎಂದ ಮಾತ್ರಕ್ಕೆ ಇಟ್ಟುಬಿಡಬಹುದೇ?

ಹಾಸಿಗೆ ಹಾಸುವುದನ್ನು ವೇಗವಾಗಿ ಓಡಿಸಿದ್ದೇನೆ. ನಿಮಗೆ 20 ಸೆಕೆಂಡಿನಲ್ಲಿ ಮುಗಿಯುತ್ತದೆ. ನನ್ನ ಸೊಂಟಕ್ಕೆ ಆ ಸೌಲಭ್ಯ ಇರಲಿಲ್ಲ. ದಿಂಬುಗಳು ಒಂದು ಆ ಕಡೆ, ಒಂದು ಈ ಕಡೆ ಇರುವುದನ್ನು ನೋಡಿ "ಸಾಲು ತಪ್ಪಿದೆ" ಎನ್ನಬೇಡಿ. ಬೇಕೆಂದೇ ಹಾಗೆ ಹಾಕಿದ್ದು. ಒಬ್ಬರ ತಲೆ ಇರುವ ಕಡೆ ಪಕ್ಕದವರ ಕಾಲು. ಕೆಮ್ಮುವವರ ಬಾಯಿಗೂ ಇನ್ನೊಬ್ಬರ ಮೂಗಿಗೂ ದೂರ ಹೆಚ್ಚುತ್ತದೆ. ಕ್ಷಯದಂಥ ಗಾಳಿಯಲ್ಲಿ ಹರಡುವ ರೋಗಕ್ಕೆ ಇಷ್ಟೇ ಸಾಲದು, ಅದಕ್ಕೇ ಮೇಲಿನ ಕಿಟಕಿ ಸ್ವಲ್ಪ ತೆರೆದಿದೆ. ಚಳಿಗೆ ಆಶ್ರಯ ಎಂದು ಕರೆದು ಕಿಟಕಿ ತೆರೆದಿಡುವುದು ಯಾವ ನ್ಯಾಯ ಎಂದು ಮೊದಲ ವಾರ ಜಗಳ ತೆಗೆದವನು ನಾನು. ಎರಡನೆಯ ವಾರ ಕೆಮ್ಮು ಹಿಡಿಸಿಕೊಂಡವನೂ ನಾನೇ. ಈಗ ಕಿಟಕಿಯ ಪರ ವಕಾಲತ್ತು ಮಾಡುತ್ತಿದ್ದೇನೆ.

ಹಾಸಿಗೆಯ ಕೆಳಗಿರುವ ರಟ್ಟನ್ನು ಗಮನಿಸಿದಿರಾ? ನೆಲ ಮೈಯ ಬಿಸಿಯನ್ನು ಕುಡಿದುಬಿಡುತ್ತದೆ. ಮೇಲೆ ಮೂರನೆಯ ಕಂಬಳಿ ಹೊದೆಸುವುದಕ್ಕಿಂತ ಕೆಳಗೆ ಒಂದು ಪದರ ಹೆಚ್ಚು ಹಾಸುವುದು ಮೇಲು. ಬೀದಿಯಲ್ಲಿ ಮಲಗುವವರು ರಟ್ಟಿನ ಪೆಟ್ಟಿಗೆಗಾಗಿ ಅಂಗಡಿ ಹಿಂದೆ ಅಲೆಯುವುದನ್ನು ನೋಡಿದಾಗಲೆಲ್ಲ ಮಾರಲು ಇರಬೇಕು ಎಂದುಕೊಂಡಿದ್ದೆ. ರಟ್ಟಿನ ಒಳಗಿನ ಅಲೆ ಅಲೆ ಕಾಗದದಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ, ಆ ಗಾಳಿಯೇ ಬಿಸಿಯನ್ನು ಹಿಡಿದಿಡುತ್ತದೆ. ನನಗಿದು ಗೊತ್ತಾಗಲು ತರಬೇತಿ ಬೇಕಾಯಿತು.

ತರಬೇತಿ ಎಂದೊಡನೆ ನೆನಪಾಯಿತು. ಉಷ್ಣಾಂಶ ಇಂತಿಷ್ಟು ಡಿಗ್ರಿಗಿಂತ ಇಳಿಯುವ ಮುನ್ಸೂಚನೆ ಇದ್ದರೆ ಮಾತ್ರ ಬಾಗಿಲು ತೆರೆಯುವ ಕೇಂದ್ರಗಳಿವೆ. ನನ್ನ ಪ್ರಕಾರ ಅದು ಶುದ್ಧ ಗುಮಾಸ್ತಗಿರಿ. ದೇಹದ ಒಳಗಿನ ಉಷ್ಣಾಂಶ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಅದು ಹೈಪೊಥರ್ಮಿಯಾ. ಮಳೆಯಲ್ಲಿ ನೆನೆದು ಗಾಳಿಗೆ ಕುಳಿತವನಿಗೆ ಹೊರಗೆ 10 ಡಿಗ್ರಿ ಇದ್ದಾಗಲೂ ಅದು ಬರಬಹುದು. ಹವಾಮಾನ ವರದಿಗೆ ಒದ್ದೆ ಕಾಲುಚೀಲ ಕಾಣುವುದಿಲ್ಲ. ನಮಗೆ ಹೇಳಿಕೊಟ್ಟ ಇನ್ನೊಂದು ಪಾಠ: ಗಡಗಡ ನಡುಗುತ್ತಿರುವವರನ್ನು ನೋಡಿಕೊಳ್ಳಿ, ಆದರೆ ನಡುಗುವುದನ್ನು ನಿಲ್ಲಿಸಿ ಮಾತು ತೊದಲುತ್ತಿರುವವರ ಕಡೆ ಮೊದಲು ಓಡಿ. ಕುಡಿದವರನ್ನು ಒಳಗೆ ಬಿಡಲೇಬಾರದು ಎಂದು ಹಿಂದಿನ ಒಂದು ವೀಡಿಯೊದಲ್ಲಿ ಮೇಜು ಕುಟ್ಟಿ ಹೇಳಿದ್ದೆ. ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸುತ್ತದೆ. ಮೈ ಬಿಸಿಯಾದಂತೆ ಅನಿಸುತ್ತದೆ, ನಿಜವಾಗಿ ಒಳಗಿನ ಬಿಸಿ ಹೊರಗೆ ಸೋರುತ್ತಿರುತ್ತದೆ. ಬಾಗಿಲಿನಿಂದ ಆಚೆ ಕಳಿಸಿದರೆ ಮೊದಲು ಸಾಯುವವನು ಅವನೇ. ಗಲಾಟೆ ಮಾಡುವವರ ಮಾತು ಬೇರೆ. ಅದನ್ನು ಇನ್ನೊಮ್ಮೆ… ಅಯ್ಯೋ, ದೃಶ್ಯ ಮುಗಿಯಿತು, ದಾನದ ಚೀಲಗಳಿಗೆ ಬಂದೆವು.

ಇವು ಜನ ತಂದುಕೊಟ್ಟವು. ಮೆಚ್ಚಬೇಕಾದ್ದನ್ನು ಮೆಚ್ಚುತ್ತೇನೆ: ಕಂಬಳಿಗಳು ಚೆನ್ನಾಗಿವೆ. ಆದರೆ ಮಕ್ಕಳ ಈಜುಡುಗೆ ಯಾರು ಕೊಟ್ಟದ್ದು? ಒಂಟಿ ಬೂಟು ಯಾರ ಆಲೋಚನೆ? ನಮಗೆ ಬೇಕಿರುವುದು ಕಾಲುಚೀಲ. ದಪ್ಪನೆಯ ಕಾಲುಚೀಲ, ದೊಡ್ಡವರದು. ದಿನವಿಡೀ ನಡೆಯುವವರ ಪಾದ ಒದ್ದೆಯಲ್ಲೇ ಇದ್ದರೆ ಚರ್ಮ ಬಿಳಿಚಿ, ಮರಗಟ್ಟಿ, ಕೊನೆಗೆ ಹುಣ್ಣಾಗುತ್ತದೆ. ಬಳಸಿದ ಬಟ್ಟೆ ಕೊಡುವವರು ದಯವಿಟ್ಟು ಒಗೆದು ಕೊಡಿ. ತುರಿಕಜ್ಜಿಯ ನುಸಿ ಮನುಷ್ಯನ ಮೈ ಬಿಟ್ಟು ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ, ಅದನ್ನು ಚೀಲದಲ್ಲಿ ಕಟ್ಟಿಟ್ಟು ಗೆಲ್ಲಬಹುದು. ತಿಗಣೆ ಹಾಗಲ್ಲ, ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಕಾಯುತ್ತದೆ. ಅಷ್ಟು ತಾಳ್ಮೆ ನಮ್ಮ ಸ್ವಯಂಸೇವಕರಲ್ಲಿ ಯಾರಿಗೂ ಇಲ್ಲ.

ಈಗ ಗೋಡೆಯ ಕೊಕ್ಕೆಗಳು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನನ್ನ ಮಾನ ಹೋದದ್ದು ಇಲ್ಲಿ.

ವ್ಯವಸ್ಥೆ ಸರಳ. ಅತಿಥಿ ಬಂದೊಡನೆ ಎರಡು ಚೀಟಿ. ಒಂದು ಅವರ ಕೈಗೆ, ಅದೇ ಸಂಖ್ಯೆಯ ಇನ್ನೊಂದು ಅವರ ಚೀಲಕ್ಕೆ. ಚೀಲಗಳು ಬೆಳಗಾಗುವವರೆಗೆ ಬೀಗ ಹಾಕಿದ ಕೋಣೆಯಲ್ಲಿ. ಇದು ಸಣ್ಣ ಸೌಕರ್ಯ ಎಂದುಕೊಳ್ಳಬೇಡಿ. ಬೀದಿಯಲ್ಲಿ ಚೀಲವನ್ನು ತಲೆಗೆ ಕೊಟ್ಟುಕೊಂಡು, ಅದರ ಪಟ್ಟಿಯನ್ನು ಕೈಗೆ ಸುತ್ತಿಕೊಂಡು ಮಲಗುವವರಿಗೆ, ರಾತ್ರಿ ಚೀಲ ಕಾಯುವ ಕೆಲಸವಿಲ್ಲ ಎಂಬುದೇ ಅರ್ಧ ನಿದ್ದೆ. ಚೀಲ ಎಲ್ಲಿಡುವುದು ಎಂಬ ಚಿಂತೆಗೇ ಆಶ್ರಯ ಕೇಂದ್ರದ ಕಡೆ ತಲೆಹಾಕದವರೂ ಇದ್ದಾರೆ.

ಚೀಟಿ ತಯಾರಿಸುವ ಕೆಲಸ ನನ್ನದು. ಅಕ್ಷರ ಚೆನ್ನಾಗಿದೆ ಎಂದು ಕೊಟ್ಟರು. ಹಳೆಯ ರಟ್ಟು ಕತ್ತರಿಸಿ, ದಪ್ಪ ಶಾಯಿಯಲ್ಲಿ 1ರಿಂದ 30ರವರೆಗೆ ಬರೆದು, ತೂತು ಹಾಕಿ, ದಾರ ಪೋಣಿಸಿದೆ. ತೂತು ಮೇಲೆ ಹಾಕಬೇಕು. ಎಲ್ಲದಕ್ಕೂ ಮೇಲೆ ಹಾಕಿದೆ. ಎರಡನ್ನು ಬಿಟ್ಟು.

ನೀವು ಈಗಾಗಲೇ ಊಹಿಸಿರುತ್ತೀರಿ. ಚೀಲದ 6ಕ್ಕೂ ಚೀಲದ 9ಕ್ಕೂ ತೂತು ಬಿದ್ದದ್ದು ಕೆಳಗೆ. ದಾರ ಹಿಡಿದು ತೂಗುಹಾಕಿದರೆ 6 ಎಂಬುದು 9, 9 ಎಂಬುದು 6. ಒಂದಕ್ಕೆ ಮಾತ್ರ ಹಾಗಾಗಿದ್ದರೆ ಎರಡು ಆರು ಕಂಡು ಯಾರಾದರೂ ಎಚ್ಚೆತ್ತುಕೊಳ್ಳುತ್ತಿದ್ದರು. ಎರಡೂ ತಿರುಗಿದ್ದರಿಂದ ಲೆಕ್ಕ ಸರಿಹೋಯಿತು. ತಪ್ಪಿಗೆ ಜೊತೆಗಾರ ಸಿಕ್ಕರೆ ಹೀಗೆ. ಕನ್ನಡ ಅಂಕಿಯಲ್ಲಿ ಬರೆಯಬಾರದಿತ್ತೇ ಎಂದು ಕೇಳುವವರಿಗೆ: ೬ ಮತ್ತು ೯ ನೇರವಾಗಿ ನಿಂತಿದ್ದಾಗಲೇ ನನ್ನನ್ನು ಒಂದನೆಯ ತರಗತಿಯಿಂದ ಕಾಡಿವೆ, ಅವನ್ನು ತಲೆಕೆಳಗಾಗಿ ನೋಡುವ ಧೈರ್ಯ ನನಗಿಲ್ಲ. ಇನ್ನು ಚೀಲಗಳೋ, ಎರಡೂ ಕಪ್ಪು, ಎರಡೂ ಬೆನ್ನಿಗೆ ಹಾಕುವಂಥವು, ಎರಡರ ಜಿಪ್ಪೂ ಕಿತ್ತುಹೋಗಿ ದಾರ ಕಟ್ಟಿದ್ದವು.

ಬೆಳಗಿನ ಜಾವ ಐದು ಗಂಟೆ. 9ರ ಅತಿಥಿ ಎದ್ದರು. ವಸತಿಯಿಲ್ಲದವರಿಗೆ ಕೆಲಸವೂ ಇರುವುದಿಲ್ಲ ಎಂದುಕೊಂಡಿರುವವರು ಈ ಹೊತ್ತಿಗೆ ಇಲ್ಲಿಗೆ ಬಂದು ನೋಡಬೇಕು. ಪಾಳಿಗೆ ಓಡುವವರ ಸಾಲೇ ಇರುತ್ತದೆ. ಅವರದು ಕಟ್ಟಡ ಕೆಲಸ, ಚೀಲದಲ್ಲಿ ಕೆಲಸದ ಬೂಟು. ಮಲಗಿರುವವರಿಗೆ ತೊಂದರೆಯಾಗಬಾರದೆಂದು ನಾನು ದೀಪ ಹಾಕಲಿಲ್ಲ. ಟಾರ್ಚಿನ ಬೆಳಕಿನಲ್ಲಿ 9 ಎಂದು ಕಂಡದ್ದನ್ನು ಎತ್ತಿಕೊಟ್ಟೆ. "ಬರುತ್ತೇನೆ ಅಣ್ಣ" ಎಂದು ಹೆಗಲಿಗೆ ಏರಿಸಿಕೊಂಡು ಹೊರಟೇಹೋದರು.

ಏಳು ಗಂಟೆಗೆ 6ರ ಅಜ್ಜ ತಮ್ಮ ಚೀಲ ಬಿಚ್ಚಿದರು. ಕೈ ಒಳಗೆ ಹಾಕಿದವರು ಹಾಗೇ ನಿಂತರು. ನಿಧಾನವಾಗಿ ಒಂದು ಬೂಟು ಹೊರತೆಗೆದರು. ಸಿಮೆಂಟು ಮೆತ್ತಿದ ದೊಡ್ಡ ಬೂಟು. ಅದನ್ನು ತಿರುಗಿಸಿ ನೋಡಿ ನನ್ನ ಕಡೆ ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. "ಇದು ನನ್ನದಲ್ಲ ಮಗು. ನನ್ನ ಮಾತ್ರೆ ಅದರಲ್ಲಿತ್ತು. ಕಾಗದಗಳೂ ಇದ್ದವು" ಎಂದಷ್ಟೇ ಹೇಳಿದರು.

ಕಾಗದಗಳು. ಗುರುತಿನ ಚೀಟಿ ಕಳೆದುಕೊಂಡರೆ ನಾವು ನೀವು ಗೊಣಗುತ್ತಾ ಹೊಸದು ಮಾಡಿಸುತ್ತೇವೆ. ವಿಳಾಸವೇ ಇಲ್ಲದವರು ಯಾವ ವಿಳಾಸ ಬರೆದು ಅರ್ಜಿ ಹಾಕುವುದು? ಆ ಪ್ಲಾಸ್ಟಿಕ್ ಕವರಿನಲ್ಲಿ ಅಜ್ಜನ ಪಾಲಿನ ಸರ್ಕಾರ, ಬ್ಯಾಂಕು, ಆಸ್ಪತ್ರೆ ಎಲ್ಲವೂ ಇತ್ತು. ಅದು ಈಗ ಎಲ್ಲೋ ಯಾವುದೋ ಅರ್ಧ ಕಟ್ಟಿದ ಮಹಡಿಯ ಮೇಲೆ.

9ರವರಿಗೆ ಫೋನ್ ಮಾಡಿ ಎನ್ನುತ್ತೀರಿ. ಸಂಖ್ಯೆ ನಮ್ಮಲ್ಲಿಲ್ಲ. ಹೆಸರು ಏನು ಹೇಳಿದರೆ ಅದನ್ನೇ ಬರೆದುಕೊಳ್ಳುತ್ತೇವೆ, ಅದಕ್ಕಿಂತ ಹೆಚ್ಚು ಕೇಳುವುದಿಲ್ಲ. ವಿಚಾರಣೆ ಹೆಚ್ಚಾದಷ್ಟೂ ಬಾಗಿಲಿಗೆ ಬರುವವರು ಕಡಿಮೆಯಾಗುತ್ತಾರೆ. ಈ ನಿಯಮವನ್ನು ನಾನು ಹತ್ತು ಕಡೆ ಹೊಗಳಿದ್ದೇನೆ. ಆ ಬೆಳಿಗ್ಗೆ ಅದಕ್ಕೆ ಇಟ್ಟ ಹೆಸರುಗಳನ್ನು ಇಲ್ಲಿ ಹೇಳುವಂತಿಲ್ಲ.

ಅಜ್ಜನನ್ನು ಕರೆದುಕೊಂಡು ಹತ್ತಿರದ ಉಚಿತ ಚಿಕಿತ್ಸಾಲಯಕ್ಕೆ ಹೋದೆ. ಮಾತ್ರೆಯ ಹೆಸರು ಅವರಿಗೆ ನೆನಪಿಲ್ಲ, ಬಣ್ಣ ನೆನಪಿದೆ. ಬಣ್ಣ ಹೇಳಿದರೆ ಯಾವ ವೈದ್ಯರೂ ಔಷಧ ಕೊಡುವುದಿಲ್ಲ, ಕೊಡಲೂಬಾರದು. ರಕ್ತದೊತ್ತಡ ನೋಡಿ, ಸಂಜೆಯೊಳಗೆ ಔಷಧದ ಚೀಟಿ ಸಿಗದಿದ್ದರೆ ಮತ್ತೆ ಬನ್ನಿ ಎಂದರು. ಅಲ್ಲಿಂದ ಮೂರು ಕಟ್ಟಡಗಳ ಕಾವಲುಗಾರರ ಬಳಿ ಹೋಗಿ ಕಪ್ಪು ಚೀಲದವರನ್ನು ವಿಚಾರಿಸಿದೆ. ಎಲ್ಲರ ಚೀಲವೂ ಕಪ್ಪೇ.

ಸಭಾಂಗಣಕ್ಕೆ ಮರಳಿದರೆ ಈ ದೃಶ್ಯ: ಹಾಸಿಗೆಗಳು ಮೂಲೆಯಲ್ಲಿ ಪೇರಿಸಿವೆ, ನೆಲ ಒರೆಸಿದೆ, ಮಕ್ಕಳ ತರಗತಿಗೆ ಕುರ್ಚಿ ಹಾಕಿದೆ. ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಹೊರಗೆ ಎಂಬ ನಿಯಮ ನನಗೆ ಮೊದಲಿನಿಂದಲೂ ಆಗದು. ಜ್ವರ ಬಂದವರೂ ಹೊರಗೆ, ರಾತ್ರಿ ಪಾಳಿ ಮಾಡಿ ಬಂದವರೂ ಹೊರಗೆ. ಹಗಲೂ ತೆರೆದಿಟ್ಟಿದ್ದರೆ 9ರವರು ಬೂಟಿಲ್ಲ ಎಂದು ತಿಳಿದೊಡನೆ ಇಲ್ಲಿಗೇ ಬರುತ್ತಿದ್ದರು. ಹಾಗೆಂದು ಸಂಯೋಜಕಿಯ ಮೇಲೆ ಹಾರಿದೆ. "ಹಗಲು ಕಾಯಲು ನೀನು ಕೆಲಸ ಬಿಟ್ಟು ಬರುತ್ತೀಯಾ?" ಎಂದು ಕೇಳಿದರು. ಸುಮ್ಮನಾದೆ. ನಮ್ಮದು ಎರವಲು ಜಾಗ, ಎರವಲು ಸಮಯ. ಆದರೂ ನಿಯಮ ಕೆಟ್ಟದ್ದೇ.

ಈ ಖಾಲಿ ಕೋಣೆಯ ದೃಶ್ಯ ಉದ್ದವಾಗಿದೆ, ಹಾಗಾಗಿ ರಾತ್ರಿ ಎರಡರಿಂದ ನಾಲ್ಕರವರೆಗಿನ ಕಾವಲಿನಲ್ಲಿ ನಡೆದ ಮಾತೊಂದನ್ನು ಹೇಳುತ್ತೇನೆ. ಅಂದು ಜೊತೆಗಿದ್ದವರು ಈ ಕೆಲಸದಲ್ಲಿ ಹಳಬರು. ನಾವು ಮಾಡುತ್ತಿರುವುದು ತೇಪೆ ಎಂದರು. 1992ರಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞ ಬೀದಿಯಲ್ಲಿದ್ದವರಿಗೆ ನೇರವಾಗಿ ಮನೆಯನ್ನೇ ಕೊಡಿಸುವ ಕೆಲಸ ಆರಂಭಿಸಿದರು. ಮೊದಲು ಕುಡಿತ ಬಿಡು, ಚಿಕಿತ್ಸೆ ಮುಗಿಸು, ಆಮೇಲೆ ಮನೆ ಎಂಬ ಕ್ರಮವನ್ನೇ ತಿರುಗಿಸಿದರು: ಮೊದಲು ಮನೆ, ಉಳಿದದ್ದು ಆಮೇಲೆ. ಫಿನ್ಲೆಂಡ್ 2008ರಿಂದ ಇದನ್ನು ದೇಶದ ನೀತಿಯನ್ನಾಗಿ ಮಾಡಿಕೊಂಡು, ಸಾಲು ಹಾಸಿಗೆಯ ಕೇಂದ್ರಗಳನ್ನು ಬಾಡಿಗೆ ಮನೆಗಳಾಗಿ ಬದಲಾಯಿಸಿತು. "ಹಾಗಾದರೆ ನಾವೇಕೆ ಇಲ್ಲಿ ಕೂತಿದ್ದೇವೆ?" ಎಂದು ನನಗೆ ಕೋಪವೇ ಬಂತು. "ಮನೆ ಕಟ್ಟುವವರೆಗೆ ಚಳಿ ಕಾಯುವುದಿಲ್ಲವಲ್ಲ" ಎಂದು ಅವರು ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು. ಅಷ್ಟರಲ್ಲಿ ಮೂಲೆಯ ಹಾಸಿಗೆಯ ಗೊರಕೆ ನಿಂತುಹೋಯಿತು. ಮೊದಲ ದಿನಗಳಲ್ಲಿ ಗೊರಕೆಗೆ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಿದ್ದವನು ನಾನು. ಈಗ ಗೊರಕೆ ನಿಂತರೆ ಎದ್ದುಹೋಗಿ ಎದೆ ಏರಿಳಿಯುತ್ತಿದೆಯೇ ಎಂದು ನೋಡುತ್ತೇನೆ. ಏರಿಳಿಯುತ್ತಿತ್ತು. ಪಕ್ಕಕ್ಕೆ ಹೊರಳಿದ್ದರು, ಅಷ್ಟೇ.

ಸಂಜೆ. ಮತ್ತೆ ಅದೇ ಬೀಗ. ಮೆಟ್ಟಿಲ ಮೇಲೆ ಇರುವವರನ್ನು ನಿಮಗೆ ತೋರಿಸುವಂತಿಲ್ಲ, ಮೆಟ್ಟಿಲು ಮಾತ್ರ ಕಾಣುತ್ತದೆ. ಮುಂದಿನದನ್ನು ಹೇಳಲು ಇಬ್ಬರೂ ಒಪ್ಪಿದ್ದಾರೆ.

9ರವರು ಎಲ್ಲರಿಗಿಂತ ಮೊದಲೇ ಬಂದು ಕುಳಿತಿದ್ದರು, ಚೀಲ ಮಡಿಲಲ್ಲಿ. ಬೂಟಿಲ್ಲದವರನ್ನು ಒಳಗೆ ಬಿಡುವುದಿಲ್ಲ ಎಂದು ಕೆಲಸದ ಜಾಗದಲ್ಲಿ ಬೆಳಿಗ್ಗೆಯೇ ವಾಪಸ್ ಕಳಿಸಿದ್ದರಂತೆ. ಒಂದು ದಿನದ ಕೂಲಿ ಹೋಯಿತು, ನನ್ನ ಒಂದು ತೂತಿಗೆ. ಬೂಟು ಹುಡುಕುವಾಗ ಮೇಲಿದ್ದ ಪ್ಲಾಸ್ಟಿಕ್ ಕವರ್ ನೋಡಿ, ಬೇರೆಯವರ ಕಾಗದ ಎಂದು ತಿಳಿದು, ಮತ್ತೆ ದಾರ ಕಟ್ಟಿ, ಇಡೀ ದಿನ ಅದನ್ನು ಕೆಳಗಿಡದೆ ಹೊತ್ತುಕೊಂಡು ತಿರುಗಿದ್ದರು. ಅಜ್ಜ ಕಾಗದಗಳನ್ನು ಒಂದೊಂದಾಗಿ ಎಣಿಸಿಕೊಂಡು, ಮಾತ್ರೆ ನುಂಗಿದರು. ನಾನು ಕ್ಷಮೆ ಕೇಳಿದೆ. ಎರಡು ಸಲ ಕೇಳಿದೆ. ಅತಿಥಿಗಳಿಗೆ ಸ್ವಯಂಸೇವಕರು ಕೈಯಿಂದ ಹಣ ಕೊಡಬಾರದು ಎಂಬ ನಿಯಮವಿದೆ. ಆ ದಿನದ ಕೂಲಿಯನ್ನು ನಾನು ಕೊಟ್ಟೆನೋ ಇಲ್ಲವೋ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ನಮ್ಮ ಸಂಯೋಜಕಿ ಈ ವೀಡಿಯೊ ನೋಡುತ್ತಾರೆ.

ಇವು ಹೊಸ ಚೀಟಿಗಳು. ಎಲ್ಲ ತೂತೂ ಮೇಲೆ. 6ರ ಕೆಳಗೂ 9ರ ಕೆಳಗೂ ಗೆರೆ ಎಳೆದಿದ್ದೇನೆ. ಚೀಟಿಯ ಜೊತೆಗೆ ಚೀಲದ ಪಟ್ಟಿಗೆ ಒಂದು ಬಣ್ಣದ ನೂಲು, ಕೈಯ ಚೀಟಿಗೂ ಅದೇ ಬಣ್ಣ. ಇದನ್ನು 9ರವರಿಗೆ ಹೆಮ್ಮೆಯಿಂದ ತೋರಿಸಿದೆ. ಕೈಯಲ್ಲಿ ಹಿಡಿದು ಒಮ್ಮೆ ನೇರ ನೋಡಿದರು, ಒಮ್ಮೆ ತಿರುಗಿಸಿ ನೋಡಿದರು.

"ಅಣ್ಣ, ಇವತ್ತು ನನಗೆ 8 ಕೊಡಿ. ಅದನ್ನು ನೀವು ಹೇಗೆ ಬೇಕಾದರೂ ತೂಗುಹಾಕಿ."

8 ಆಗಲೇ ಬೇರೆಯವರಿಗೆ ಹೋಗಿತ್ತು. 11 ಕೊಟ್ಟೆ.